ಮೂವತ್ತೆಂಟನೇ ಸಾಲಿನ ಕೆಂಪು ಮಣಿ

ಬಟ್ಟೆ ಒಗೆಯುವ ಮೆಷಿನ್ನಿನ ಬಾಗಿಲು ತೆಗೆದಾಗ ಮೊದಲು ಕೇಳಿಸಿದ್ದು ಸದ್ದು. ಡ್ರಮ್ಮಿನ ತಳದಲ್ಲಿ ಏನೋ ಚಿಕ್ಕಚಿಕ್ಕದು ಸರಸರ ಉರುಳಿತು. ಚಿಕ್ಕಮ್ಮ ಕೈಹಾಕಿ ಒದ್ದೆ ಜಾಕೆಟ್ಟನ್ನು ಎಳೆದಳು. ಅದರ ಒಳಜೇಬಿನಿಂದ ನೀಲಿ ಮಣಿಗಳ ಬ್ರೇಸ್‌ಲೆಟ್ಟೊಂದು ಅರ್ಧ ಹೊರಗೆ ಜೋತುಬಿತ್ತು. ಅರ್ಧವೆಂದರೆ ನಿಜಕ್ಕೂ ಅರ್ಧವೇ, ಉಳಿದದ್ದು ದಾರ ಕಿತ್ತು ಮಣಿಮಣಿಯಾಗಿ ಮೆಷಿನ್ನಿನ ಹೊಟ್ಟೆ ಸೇರಿತ್ತು. ಅಲ್ಲೇ ಒದ್ದೆ ನೆಲದ ಮೇಲೆ ಕುಕ್ಕರಿಸಿದಳು.

ಅವಳನ್ನು ಚಿಕ್ಕಮ್ಮ ಎಂದು ಕರೆಯುವವಳು ಈ ಲೋಕದಲ್ಲಿ ಒಬ್ಬಳೇ, ಒಂಬತ್ತು ವರ್ಷದ ಕಡ್ಡಿ. ಆದರೂ ನಾವೂ ಹಾಗೇ ಕರೆಯೋಣ. ಮದುವೆಯಾದ ಈ ಎಂಟು ತಿಂಗಳಲ್ಲಿ ಅವಳು ತಲೆ ಕೆಡಿಸಿಕೊಂಡಿದ್ದೆಲ್ಲ ಆ ಒಂದು ಹೆಸರಿನ ವಿಷಯಕ್ಕೇ. ಕಡ್ಡಿಯ ಅಪ್ಪ ಲಿಫ್ಟ್ ಮೆಕ್ಯಾನಿಕ್, ಅಮ್ಮ ತೀರಿಕೊಂಡು ಮೂರು ವರ್ಷ. ಹುಡುಗಿ ಸಣಕಲು, ಅದಕ್ಕೇ ಕಡ್ಡಿ ಎಂಬ ಅಡ್ಡಹೆಸರು. ಚಿಕ್ಕಮ್ಮನಿಗೆ ಅವಳು ಒಮ್ಮೆಯೂ ಎದುರಾಡಿದವಳಲ್ಲ, ಹಟ ಹಿಡಿದವಳಲ್ಲ, ತಟ್ಟೆಯಲ್ಲಿ ಒಂದು ತುತ್ತು ಬಿಟ್ಟವಳಲ್ಲ. "ನೀವು ಊಟ ಮಾಡಿದ್ರಾ ಚಿಕ್ಕಮ್ಮ?" "ನಾನು ಲೈಟ್ ಆರಿಸಬಹುದಾ ಚಿಕ್ಕಮ್ಮ, ಪ್ಲೀಸ್?" ತಪಾಸಣೆಗೆ ಬಂದ ಅಧಿಕಾರಿಯ ಹತ್ತಿರ ಮಾತಾಡಿದ ಹಾಗೆ. ಅಕ್ಕಪಕ್ಕದವರು ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ಮಗು ಎಂದು ಹೊಗಳುತ್ತಿದ್ದರು. ಅವರಿಗೇನು ಗೊತ್ತು. ಮಕ್ಕಳು ಮನೆಯವರ ಹತ್ತಿರ ಪ್ಲೀಸ್ ಅನ್ನುವುದಿಲ್ಲ.

ಆ ಬ್ರೇಸ್‌ಲೆಟ್ ಕಡ್ಡಿಯ ಅಮ್ಮ ಹೆಣೆದದ್ದು. ಸ್ನಾನಕ್ಕೆ ಹೋಗುವಾಗ ಬಿಟ್ಟರೆ ಅದು ಎಡಗೈಯಿಂದ ಇಳಿಯುತ್ತಿರಲಿಲ್ಲ. ಹೋಮ್‌ವರ್ಕ್ ಮಾಡುವಾಗ, ಟೀವಿ ನೋಡುವಾಗ ಹುಡುಗಿಯ ಬಲಗೈ ಹೆಬ್ಬೆರಳು ತಾನಾಗಿ ಅದರ ಅಡಿಗೆ ಹೋಗಿ ಒಂದೇ ಜಾಗದಲ್ಲಿ ಹಿಂದೆ ಮುಂದೆ ಆಡುತ್ತಿತ್ತು. ಕೆಲವು ಮಕ್ಕಳು ಉಗುರು ಕಚ್ಚುತ್ತಾರೆ, ಇದು ಇವಳ ಚಾಳಿ ಎಂದು ಚಿಕ್ಕಮ್ಮ ಅದರ ಬಗ್ಗೆ ಹೆಚ್ಚು ಯೋಚಿಸಿರಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿ ಶಾಲೆಯ ಕಡೆಯಿಂದ ಐದು ದಿನದ ಕ್ಯಾಂಪಿಗೆ ಹೊರಟಿದ್ದಳು. ಕೈಗೆ ಕೊರಳಿಗೆ ಏನೂ ಇರಬಾರದು ಎಂದು ಬಸ್ಸಿನ ಬಾಗಿಲಲ್ಲಿ ಟೀಚರ್ ತಕರಾರು ತೆಗೆದರು. ಚಿಕ್ಕಮ್ಮ ಆಗ ಇನ್ನೊಬ್ಬ ಟೀಚರ್ ಹತ್ತಿರ ಫಾರಮ್ಮಿಗೆ ಸಹಿ ಹಾಕುತ್ತಿದ್ದಳು. ತಿರುಗುವಷ್ಟರಲ್ಲಿ ಕಡ್ಡಿ ಜಾಕೆಟ್ ಬಿಚ್ಚಿ ಅವಳ ಕೈಗೆ ಕೊಟ್ಟು, "ಜೋಪಾನ ಚಿಕ್ಕಮ್ಮ, ಪ್ಲೀಸ್" ಎಂದು ಬಸ್ಸು ಹತ್ತಿಬಿಟ್ಟಿದ್ದಳು. ಜಾಕೆಟ್ಟಿಗೆ ಇಷ್ಟೊಂದು ಜೋಪಾನವೇ ಎನ್ನಿಸಿದರೂ ಚಿಕ್ಕಮ್ಮನಿಗೆ ಒಳಗೊಳಗೇ ಹಿಗ್ಗು. ಹುಡುಗಿ ತಾನಾಗಿ ಒಂದು ವಸ್ತುವನ್ನು ತನ್ನ ಕೈಗೆ ಕೊಟ್ಟಳಲ್ಲ. ಹಾಗೇ ತೂಗುಹಾಕಿದ್ದರೆ ಆಗುತ್ತಿತ್ತು. ಇವಳು ಒಳ್ಳೆಯವಳಾಗಲು ಹೋದಳು. ಸಂಜೆ ಡ್ಯೂಟಿ ಮುಗಿಸಿ ಬಂದವಳೇ ಎರಡೂ ಜೇಬು ತಡವಿ ನೋಡಿ, ಸೋಪಿನ ಪುಡಿ ಸ್ವಲ್ಪ ಕಮ್ಮಿಯೇ ಹಾಕಿ, ಮೆಷಿನ್ನಿಗೆ ತುರುಕಿದಳು. ಒಳಗೆ ಮೂರನೆಯ ಜೇಬೊಂದಿದೆ ಎಂದು ಅವಳಿಗೆ ಯಾರು ಹೇಳಬೇಕಿತ್ತು?

ಗಂಡ ಕೆಲಸದಿಂದ ಬಂದಾಗ ಅವಳು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಮೆಷಿನ್ನಿನ ಫಿಲ್ಟರ್ ಬಿಚ್ಚುತ್ತಿದ್ದಳು.

"ಏನಾಯ್ತು?"

ಅವಳು ಅರ್ಧ ಬ್ರೇಸ್‌ಲೆಟ್ ಎತ್ತಿ ತೋರಿಸಿದಳು. ಅವನು ಗೋಡೆಗೆ ಒರಗಿ ನಿಂತ. ದಿನವಿಡೀ ಹತ್ತಾರು ಮಹಡಿ ಹತ್ತಿ ಇಳಿಯುವ ಮನುಷ್ಯ, ಮಾತಿನಲ್ಲಿ ಮಾತ್ರ ಒಂದು ಮೆಟ್ಟಿಲು ಹತ್ತಬೇಕಾದರೂ ಯೋಚಿಸುತ್ತಿದ್ದ.

"ಶುಕ್ರವಾರದೊಳಗೆ ಸರಿ ಮಾಡೋಕೆ ಆಗುತ್ತಾ?" ಎಂದ ಕೊನೆಗೆ.

"ಗೊತ್ತಿಲ್ಲ. ಅವಳಿಗೆ ಏನಂತ ಹೇಳಲಿ?"

"ಸರಿಹೋದ್ರೆ ಹೇಳೋದೇನಿದೆ? ಮಗುಗೆ ಗೊತ್ತಾಗಲ್ಲ, ಬಿಡು."

ಆ "ಬಿಡು" ಅವಳಿಗೆ ಹಿತವಾಗಿ ಕೇಳಿಸಿತು, ಸುಳ್ಳು ಹೇಳುವುದಿಲ್ಲ.

ಅರ್ಧ ಪಟ್ಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದಾಗ ಅದೇ ನೀಲಿ, ಅದೇ ಬಿಳಿ ಅಂಕುಡೊಂಕು ಗೆರೆ, ಅದೇ ಹಸಿರು ಎಲೆ ಕಣ್ಣಿಗೆ ಬಿತ್ತು. ಯಾರೋ ಮಣಿ ಕೆಲಸದವಳು ಅದನ್ನು ಹೆಣೆಯುವ ನಕ್ಷೆಯನ್ನು, ಪ್ಯಾಟರ್ನನ್ನು, ಮಾರಾಟಕ್ಕಿಟ್ಟಿದ್ದಳು. ಒಂಬತ್ತು ಮಣಿ ಅಗಲ, ಎಪ್ಪತ್ತೆರಡು ಸಾಲು ಉದ್ದ, ಹನ್ನೊಂದು ಪುಟ. ಸತ್ತುಹೋದವಳು ಇದನ್ನು ತನ್ನ ತಲೆಯಿಂದಲೇ ಹುಟ್ಟಿಸಿದ್ದಳು ಎಂದು ಚಿಕ್ಕಮ್ಮ ಎಂಟು ತಿಂಗಳಿಂದ ನಂಬಿದ್ದಳು. ನೋಡಿದರೆ ಆಕೆಯೂ ಪ್ಯಾಟರ್ನ್ ಕೊಂಡುಕೊಂಡೇ ಮಾಡಿದ್ದು. ಗೋಡೆಯ ಫೋಟೋದಲ್ಲಿ ನಗುತ್ತಿದ್ದ ಆ ಹೆಂಗಸು ಒಂದು ಗೇಣು ಕೆಳಗಿಳಿದು ತನ್ನ ಪಕ್ಕ ನಿಂತ ಹಾಗೆನ್ನಿಸಿ ಇವಳಿಗೆ ಸಣ್ಣ ಖುಷಿಯಾಯಿತು. ಮರುಗಳಿಗೆಯಲ್ಲೇ ಆ ಖುಷಿಗೆ ನಾಚಿಕೆಯೂ ಆಯಿತು. ಬೇಗಬೇಗ ಪ್ಯಾಟರ್ನ್ ಕೊಂಡು, ಮರುದಿನ ಬೆಳಿಗ್ಗೆ ಪ್ರಿಂಟ್ ಹಾಕಿಸಿದಳು.

ಮೊದಲ ಪುಟ ನೋಡಿದಾಗ ಅವಳ ಉಸಿರು ಸ್ವಲ್ಪ ಹದಕ್ಕೆ ಬಂತು. ಚಿಕ್ಕಮ್ಮ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡುವವಳು. ಈ ಪ್ಯಾಟರ್ನ್ ಥೇಟ್ ಡಾಕ್ಟರ ಚೀಟಿ. ಎ ಎಂದರೆ ಕಡುನೀಲಿ, ಬಿ ಎಂದರೆ ಬಿಳಿ, ಸಿ ಎಂದರೆ ಎಲೆಹಸಿರು. ಸಾಲು ಒಂದು: ಎರಡು ಬಿ, ಏಳು ಎ. ಸಾಲು ಎರಡು: ಒಂದು ಎ, ಎರಡು ಬಿ, ಆರು ಎ. ಬರೆದದ್ದನ್ನು ಬರೆದ ಹಾಗೆ ಹಾಕುವುದಕ್ಕೆ ಇವಳಿಗಿಂತ ತಕ್ಕವರು ಯಾರಿದ್ದಾರೆ? ಕೌಂಟರಿನಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಬ್ಬರು ಚೀಟಿ ಓದಬೇಕು, ಇನ್ನೊಬ್ಬರು ಅದನ್ನೇ ಗಟ್ಟಿಯಾಗಿ ಮರಳಿ ಹೇಳಿ ಮಾತ್ರೆ ಹಾಕಬೇಕು, ನಡುವೆ ಬೇರೆ ಮಾತಿಲ್ಲ. ಇನ್ನೊಂದು, ತಪ್ಪಾಗಿದೆಯೆಂದು ಹೊರಗೆ ತೆಗೆದ ಮಾತ್ರೆಯನ್ನು ಎಸೆಯುವ ಹಾಗಿಲ್ಲ, ಚೀಟಿ ಅಂಟಿಸಿ ಇಡಬೇಕು. ಮನೆಯಲ್ಲಿ ಓದಲು ಎರಡನೆಯವರಿಲ್ಲ. ತಾನೇ ಓದಿ ತಾನೇ ಮರಳಿ ಹೇಳಿಕೊಂಡರಾಯಿತು ಎಂದುಕೊಂಡಳು.

ಮಣಿಗಳನ್ನು ಮಾತ್ರೆ ಎಣಿಸುವ ತಟ್ಟೆಯಲ್ಲಿ ಸುರಿದು, ಚಪ್ಪಟೆ ಚಮಚದಿಂದ ಐದೈದಾಗಿ ಸರಿಸಿದಳು. ಗಟ್ಟಿಯಾಗಿ ಉಳಿದಿದ್ದದ್ದು ನಲವತ್ತು ಸಾಲು. ಕಿತ್ತುಹೋದ ಮೂವತ್ತೆರಡು ಸಾಲಿಗೆ ಇನ್ನೂರ ಎಂಬತ್ತೆಂಟು ಮಣಿ ಬೇಕು. ಡ್ರಮ್ಮು, ಫಿಲ್ಟರು, ಜಾಕೆಟ್ಟಿನ ಅಸ್ತರಿ ಎಲ್ಲ ಜಾಲಾಡಿ ಸಿಕ್ಕಿದ್ದು ಇನ್ನೂರ ಮೂರು. ಉಳಿದವು ಚರಂಡಿ ಪಾಲು.

ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಗುಂಡಿ, ದಾರ, ಜಿಪ್ಪು ಮಾರುವ ಅಂಗಡಿಯೊಂದಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿಗೆ ಓಡಿದಳು. ಅಂಗಡಿಯಾಕೆ ಕನ್ನಡಕ ಏರಿಸಿ, ಹಳೆಯ ಮಣಿಯನ್ನು ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದಳು.

"ಅಳತೆ ಸಿಗುತ್ತೆ. ಬಣ್ಣ ಇದೇ ಸಿಗಲ್ಲ. ಇದು ಮೈಮೇಲಿದ್ದು ಮಾಸಿದೆ."

"ಗೊತ್ತಾಗುತ್ತಾ?"

"ಹೊಸದನ್ನೆಲ್ಲ ಒಂದೇ ಕಡೆ ಹಾಕಿದ್ರೆ ಕುರುಡರಿಗೂ ಗೊತ್ತಾಗುತ್ತೆ. ಹಳೇದು ಎರಡು, ಹೊಸದು ಒಂದು ಹಾಗೆ ಕಲಸಿ ಹಾಕಿ. ಯಾರದ್ದು ಇದು?"

"ನಮ್ಮ ಹುಡುಗೀದು" ಎಂದಳು ಚಿಕ್ಕಮ್ಮ. ಹೇಳಿದ ಮೇಲೆ ಆ ಮಾತು ಎಲ್ಲಿ ಸುಳ್ಳಾಗುತ್ತದೋ ಎಂಬ ಭಯ ಹತ್ತಿತು. ಶುಕ್ರವಾರ ಹುಡುಗಿ ಬಂದು ಬರಿಗೈ ನೋಡಿಕೊಂಡರೆ ಆಯಿತು, ಇನ್ನು ಜನ್ಮದಲ್ಲಿ ಅವಳು ತನ್ನ ಕೈಗೆ ಒಂದು ಕರ್ಚೀಫು ಕೂಡ ಕೊಡುವುದಿಲ್ಲ. ಬಯ್ಯುವುದೂ ಇಲ್ಲ, ಅದೇ ಕಷ್ಟ. "ಪರವಾಗಿಲ್ಲ ಚಿಕ್ಕಮ್ಮ" ಎನ್ನುತ್ತಾಳೆ. ಆ ಪರವಾಗಿಲ್ಲವನ್ನು ನೆನೆಸಿಕೊಂಡವಳೇ ಹೊಸ ಮಣಿಯ ಪೊಟ್ಟಣ ಕೊಂಡು ಡ್ಯೂಟಿಗೆ ಓಡಿದಳು.

ಬುಧವಾರ ಡ್ಯೂಟಿಗೆ ಹೋಗುವ ಮೊದಲು ಉಳಿದ ತುಂಡನ್ನು ಪ್ಯಾಟರ್ನಿನ ಪಕ್ಕ ಇಟ್ಟು ಸಾಲುಸಾಲಾಗಿ ತಾಳೆ ನೋಡುತ್ತ ಬಂದಳು. ಮೂವತ್ತೇಳರವರೆಗೆ ಒಂದು ಮಣಿಯೂ ಆಚೀಚೆ ಇಲ್ಲ. ಮೂವತ್ತೆಂಟಕ್ಕೆ ಬಂದಾಗ ಕಣ್ಣು ತಡೆಯಿತು. ಕಾಗದದ ಮೇಲೆ: ಮೂರು ಎ, ಒಂದು ಸಿ, ಐದು ಎ. ತುಂಡಿನಲ್ಲಿ ಮೂರು ನೀಲಿಯಾದ ಮೇಲೆ ಹಸಿರಿರಬೇಕಾದ ಕಡೆ ಒಂದು ಕೆಂಪು ಮಣಿ ಕೂತಿತ್ತು. ಮಿಕ್ಕವಕ್ಕಿಂತ ಒಂದು ಕೂದಲೆಳೆ ದಪ್ಪ. ಕಟ್ಟಿಕೊಂಡಾಗ ಮಣಿಕಟ್ಟಿನ ಅಡಿಗೆ ಬರುವ ಭಾಗವಾದ್ದರಿಂದ ಇಷ್ಟು ದಿನ ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹನ್ನೊಂದು ಪುಟ ತಿರುವಿ ಹಾಕಿದರೂ ಕೆಂಪೆಂಬ ಬಣ್ಣವೇ ಇಲ್ಲ.

"ಇದು ಮೊದಲೇ ಇತ್ತಾ?" ಎಂದು ಗಂಡನಿಗೆ ತೋರಿಸಿದಳು. ಅವನು ಬೂಟಿನ ಲೇಸ್ ಕಟ್ಟುತ್ತ ಕತ್ತೆತ್ತಿ ನೋಡಿದ.

"ಇತ್ತೇನೋ. ನಾನು ಅಷ್ಟು ಹತ್ತಿರದಿಂದ ನೋಡಿಲ್ಲ. ಮಣಿ ಸಾಲದೆ ಕೈಗೆ ಸಿಕ್ಕಿದ್ದು ಹಾಕಿರ್ತಾಳೆ."

ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಲ್ಲಿಗೇ ಬಿಡುತ್ತಿದ್ದರು. ಅದು ಉಳಿದಿದ್ದ ತುಂಡು, ಅದರ ತಂಟೆಗೆ ಹೋಗುವ ಅಗತ್ಯವೇ ಇರಲಿಲ್ಲ. ಆದರೆ ಚಿಕ್ಕಮ್ಮನ ವೃತ್ತಿಯೇ ಬೇರೆ. ಏಳು ವರ್ಷದ ಹಿಂದೆ ಅವಳು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಬಿಳಿ ಮಾತ್ರೆಗಳ ನಡುವೆ ಒಂದು ಹಳದಿ ಮಾತ್ರೆ ಸೇರಿಕೊಂಡಿತ್ತು. ಮುದುಕರೊಬ್ಬರು ಅದನ್ನು ನುಂಗದೆ ವಾಪಸ್ ತಂದು, "ಇದು ನಂದಲ್ಲ ಅನ್ಸುತ್ತಮ್ಮ" ಎಂದು ಮೆಲ್ಲಗೆ ಕೊಟ್ಟು ಹೋದರು. ಯಾರಿಗೂ ಏನೂ ಆಗಲಿಲ್ಲ, ಯಾರೂ ಬಯ್ಯಲಿಲ್ಲ. ಅವಳಿಗೆ ಮಾತ್ರ ಒಂದು ತಿಂಗಳು ಅನ್ನ ಸೇರಲಿಲ್ಲ. ಅಂದಿನಿಂದ ಸಾಲಿನ ನಡುವೆ ಬೇರೆ ಬಣ್ಣದ್ದೊಂದು ಕಂಡರೆ ಕೈ ಸುಮ್ಮನಿರದು.

ಹೀಗಾಗಿ ಅವಳು ಸೂಜಿಯ ಹಿಂತುದಿಯಿಂದ ದಾರ ಸಡಿಲಿಸಿ ನಲವತ್ತನೇ ಸಾಲು ಬಿಚ್ಚಿದಳು, ಮೂವತ್ತೊಂಬತ್ತು ಬಿಚ್ಚಿದಳು, ಮೂವತ್ತೆಂಟನ್ನೂ ಬಿಚ್ಚಿದಳು. ಕೆಂಪು ಮಣಿಯನ್ನು ಮಾತ್ರೆಯ ಪುಟ್ಟ ಖಾಲಿ ಡಬ್ಬಿಗೆ ಹಾಕಿ, ಮುಚ್ಚಳ ತಿರುಗಿಸಿ, ಚೀಟಿ ಅಂಟಿಸಿದಳು: "ಸಾಲು ೩೮. ತಪ್ಪು ಮಣಿ. ಒಂದು." ಬರೆದಾಗ ಮನಸ್ಸಿಗೆ ಎಷ್ಟೋ ನಿರಾಳ. ಕಡ್ಡಿಯ ಅಮ್ಮ ಗಮನಿಸದೆ ಬಿಟ್ಟ ತಪ್ಪನ್ನು ತಾನು ತಿದ್ದುತ್ತಿದ್ದೇನೆ ಎಂಬ ಸಣ್ಣ ಜಂಬವೂ ಅದರಲ್ಲಿ ಸೇರಿತ್ತು, ಮುಚ್ಚಿಡುವುದೇಕೆ.

ಮೊದಲ ಆರು ಸಾಲು ಹೆಣೆಯುವಷ್ಟರಲ್ಲಿ ಪಟ್ಟಿ ಸೊಂಟಕ್ಕೆ ಬೆಲ್ಟ್ ಬಿಗಿದ ಹಾಗೆ ಕಿರಿದಾಗತೊಡಗಿತು. ಹಳೆಯ ಹೆಣಿಗೆ ಸಡಿಲ, ಇವಳದು ಬಿಗಿ. ಬಿಚ್ಚಿದಳು. ಮತ್ತೆ ಹೆಣೆದಳು, ಮತ್ತೆ ಬಿಗಿ. ಭಯದಲ್ಲಿ ದಾರ ಎಳೆದರೆ ಇನ್ನೇನಾಗುತ್ತದೆ? ಗುರುವಾರ ಅರ್ಧ ದಿನ ರಜೆ ಹಾಕಿ ಕಿಟಕಿಯ ಬಳಿ ಕೂತಳು. ಆ ಹೆಂಗಸು ಹೇಗೆ ಕೂರುತ್ತಿದ್ದಳೋ, ಬಹುಶಃ ಕಾಲು ಚಾಚಿ, ಯಾರ ಜೊತೆಗೋ ಮಾತಾಡುತ್ತ, ಅವಸರವೇ ಇಲ್ಲದೆ. ಚಿಕ್ಕಮ್ಮ ತಾನೂ ಕಾಲು ಚಾಚಿದಳು. ಪ್ರತಿ ಮಣಿಗೂ ದಾರ ಎಳೆದು, ಒಂದಿಷ್ಟು ಬಿಟ್ಟುಕೊಟ್ಟಳು. "ನಾಲ್ಕು ಎ, ಎರಡು ಸಿ, ಮೂರು ಎ" ಎಂದು ಓದುವಳು, "ನಾಲ್ಕು ಎ, ಎರಡು ಸಿ, ಮೂರು ಎ" ಎಂದು ಮರಳಿ ಹೇಳುವಳು. ಗಂಡ ಒಮ್ಮೆ ಇಣುಕಿ, "ಯಾರ ಜೊತೆ ಮಾತು?" ಎಂದು ಹೋದ. ಅವಳಿಗೆ ನಗಲೂ ಪುರುಸೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಎಪ್ಪತ್ತೆರಡನೇ ಸಾಲು ಮುಗಿಯಿತು. ಕೊಕ್ಕೆ ಹಾಕಿ, ಗಂಟು ಬಿಗಿದು, ದಾರದ ತುದಿ ಕತ್ತರಿಸಿದಳು. ಹಳೆಯದೆಲ್ಲಿ ಮುಗಿಯಿತು, ಹೊಸದೆಲ್ಲಿ ಶುರುವಾಯಿತು ಎಂದು ಅವಳಿಗೇ ತೋರಿಸಲಾಗಲಿಲ್ಲ. ಜಾಕೆಟ್ಟನ್ನು ಇಸ್ತ್ರಿ ಮಾಡಿ, ಬ್ರೇಸ್‌ಲೆಟ್ಟನ್ನು ಒಳಜೇಬಿಗೆ ಹಾಕಿ, ಜಿಪ್ ಎಳೆದು, ಕುರ್ಚಿಯ ಮೇಲಿಟ್ಟಳು. ಆಮೇಲೆ ಬಸ್ಸು ಬರುವ ತನಕ ಅದನ್ನು ನಾಲ್ಕು ಸಲ ತೆಗೆದು ನೋಡಿದಳು.

ಕಡ್ಡಿ ಬಿಸಿಲಿಗೆ ಕಪ್ಪಾಗಿ, ಮೊಣಕಾಲು ತರಚಿಕೊಂಡು ಬಂದಳು. ಅಪ್ಪನ ಕೈ ಬಿಡಿಸಿಕೊಂಡು ಮೊದಲು ಕೇಳಿದ್ದೇ ಜಾಕೆಟ್.

"ಥ್ಯಾಂಕ್ಸ್ ಚಿಕ್ಕಮ್ಮ" ಎಂದು ಜಿಪ್ ತೆರೆದು, ಬ್ರೇಸ್‌ಲೆಟ್ ತೆಗೆದು ಕಟ್ಟಿಕೊಂಡಳು. ಅಪ್ಪ ಹೆಂಡತಿಯ ಕಡೆ ನೋಡಿ ಕಣ್ಣಲ್ಲೇ ನಕ್ಕ, ಹೇಳಲಿಲ್ವಾ ನಾನು ಎನ್ನುವಂತೆ. ಚಿಕ್ಕಮ್ಮ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಹುಡುಗಿಯ ಹೆಬ್ಬೆರಳು ಮಣಿಕಟ್ಟಿನ ಅಡಿಗೆ ಹೋಯಿತು. ಹಿಂದೆ ಹೋಯಿತು, ಮುಂದೆ ಬಂತು. ಇನ್ನೊಮ್ಮೆ ಹುಡುಕಿತು. ಚಿಕ್ಕಮ್ಮನಿಗೆ ಆ ಕ್ಷಣವೇ ಎಲ್ಲ ತಿಳಿದುಹೋಯಿತು. ಎಂಟು ತಿಂಗಳಿಂದ ಕಣ್ಣೆದುರೇ ಆ ಬೆರಳು ಒಂದೇ ಜಾಗದಲ್ಲಿ ಆಡುತ್ತಿತ್ತಲ್ಲ.

ಹುಡುಗಿ ಕೈ ಮಗುಚಿ ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ನಂದಲ್ಲ."

"ನಿಂದೇ ಕಣೇ" ಎಂದ ಅಪ್ಪ.

"ಕೆಂಪು ಮಣಿ ಇಲ್ಲ."

"ಅದಾ? ಅದು ಒಗೆಯುವಾಗ ಏನೋ ಸ್ವಲ್ಪ ಸಡಿಲ ಆಗಿ..."

"ಇಲ್ಲ" ಎಂದಳು ಚಿಕ್ಕಮ್ಮ. ಗಂಡ ಹಾಕಿಕೊಟ್ಟ ದಾರಿ ಸಲೀಸಾಗಿತ್ತು. ಚರಂಡಿ ಪಾಲಾಯಿತು ಎಂದರೆ ಮುಗಿಯುತ್ತಿತ್ತು. ಆದರೆ ಆ ಮಣಿ ಚರಂಡಿ ಪಾಲಾಗಿರಲಿಲ್ಲ, ಒಳಗೆ ಡಬ್ಬಿಯಲ್ಲಿತ್ತು. "ನಾನು ಜಾಕೆಟ್ ಮೆಷಿನ್ನಿಗೆ ಹಾಕಿಬಿಟ್ಟೆ. ಒಳಜೇಬು ನೋಡಲಿಲ್ಲ. ಅರ್ಧ ಕಿತ್ತುಹೋಯ್ತು. ಅರ್ಧ ನಾನು ಹೆಣೆದೆ. ಕೆಂಪು ಮಣಿ ಕಿತ್ತುಹೋಗಿರಲಿಲ್ಲ. ಅದನ್ನ ನಾನೇ ಬಿಚ್ಚಿ ತೆಗೆದೆ."

ಹೇಳಿ ಒಳಗೆ ಹೋಗಿ ಡಬ್ಬಿ ತಂದು ಹುಡುಗಿಯ ಕೈಗೆ ಕೊಟ್ಟಳು. ಚೀಟಿಯ ಮೇಲೆ ಏನು ಬರೆದಿದ್ದೆನೆಂಬುದು ಕೊಟ್ಟಮೇಲೆ ನೆನಪಾಯಿತು. ಹುಡುಗಿ ಆಗಲೇ ಓದುತ್ತಿದ್ದಳು.

"ತಪ್ಪು ಮಣಿ" ಎಂದು ಗಟ್ಟಿಯಾಗಿ ಓದಿದಳು. "ತಪ್ಪಲ್ಲ ಇದು. ನಾನು ಹಾಕಿದ್ದು ಇದು. ಅಮ್ಮ ಆಸ್ಪತ್ರೆಲಿ ಮಂಚದ ಮೇಲೆ ಕೂತು ಮಾಡ್ತಿದ್ಲು, ನಾನು ಪಕ್ಕದಲ್ಲಿದ್ದೆ. ಒಂದು ಮಣಿ ನಿಂಗಿಷ್ಟ ಬಂದಿದ್ದು ಹಾಕು ಅಂದ್ಲು. ಸೂಜಿ ನನ್ನ ಕೈಗೆ ಕೊಟ್ಲು. ದೊಡ್ಡದಾಯ್ತಲ್ಲ ಅಂದ್ರೆ, ಆಗ್ಲಿ ಬಿಡು, ಕತ್ತಲಲ್ಲೂ ನಿನ್ ಬೆರಳಿಗೆ ಸಿಗುತ್ತೆ ಅಂದ್ಲು. ನೀನ್ ಯಾಕೆ ತೆಗೆದೆ? ನಿಂಗೆ ಯಾರು ತೆಗಿ ಅಂದ್ರು?"

ಅವಳು ಅತ್ತಳು. ಈ ಮನೆಯಲ್ಲಿ ಎಂಟು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲು. ಮೂಗು ಸುರಿಸಿಕೊಂಡು, ಜಾಕೆಟ್ಟಿನ ತೋಳಿನಲ್ಲೇ ಒರೆಸಿಕೊಂಡು ಅತ್ತಳು. ಅಪ್ಪ ಎತ್ತಿಕೊಳ್ಳಲು ಬಗ್ಗಿದ. ಅವಳು ಅವನನ್ನು ತಳ್ಳಿದಳು. ಚಿಕ್ಕಮ್ಮ ಮುಟ್ಟಲು ಹೋಗಲಿಲ್ಲ. "ಯಾರೂ ಅನ್ನಲಿಲ್ಲ. ಕಾಗದದಲ್ಲಿ ಇರಲಿಲ್ಲ ಅಂತ ತೆಗೆದೆ. ನಿನ್ನ ಕೇಳಬೇಕಿತ್ತು" ಎಂದಷ್ಟೇ ಹೇಳಿ, ಕಿಟಕಿಯ ಬಳಿ ತಟ್ಟೆ, ಸೂಜಿ, ದಾರ, ಹನ್ನೊಂದು ಪುಟ ಎಲ್ಲ ತಂದಿಟ್ಟುಕೊಂಡು ಕೂತಳು. ಕೈ ಚಾಚಿದಳು.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ಬ್ರೇಸ್‌ಲೆಟ್ ಬಿಚ್ಚಿ ಆ ಕೈಯಲ್ಲಿಟ್ಟಳು.

ಚಿಕ್ಕಮ್ಮ ಗಂಟು ಕತ್ತರಿಸಿದಳು. ಎಪ್ಪತ್ತೆರಡನೇ ಸಾಲು ಬಿಚ್ಚಿದಳು, ಎಪ್ಪತ್ತೊಂದು, ಎಪ್ಪತ್ತು. ಮೂರು ದಿನ ಬೆರಳು ಚುಚ್ಚಿಸಿಕೊಂಡು ಹೆಣೆದದ್ದು ತಟ್ಟೆಗೆ ಟಪಟಪ ಉದುರಿತು. ಗಂಡ, "ಅಷ್ಟೂ ಬಿಚ್ಚಬೇಕಾ?" ಎಂದ. ಹುಡುಗಿ ಮೊದಲು ಬಾಗಿಲ ಹತ್ತಿರ ನಿಂತಿದ್ದಳು, ಆಮೇಲೆ ಕುರ್ಚಿಯ ಹಿಂದೆ, ಆಮೇಲೆ ನೆಲದ ಮೇಲೆ ತಟ್ಟೆಯ ಎದುರಿಗೆ. ನೀಲಿಯ ಗುಂಪಿನಿಂದ ಬಿಳಿಯನ್ನು ಬೆರಳಲ್ಲೇ ಬೇರೆ ಮಾಡತೊಡಗಿದಳು. ಮೂವತ್ತೆಂಟನೇ ಸಾಲು ಬಿಚ್ಚಿದಾಗ ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು.

"ನಮ್ಮ ಕೌಂಟರಲ್ಲಿ ಇಬ್ಬರು ಬೇಕು. ಒಬ್ಬರು ಓದೋಕೆ, ಒಬ್ಬರು ಹಾಕೋಕೆ" ಎಂದಳು ಚಿಕ್ಕಮ್ಮ. "ನಾನು ಒಬ್ಬಳೇ ಮಾಡಿದೆ. ಅದೇ ತಪ್ಪಾಗಿದ್ದು. ನೀನು ಓದ್ತೀಯಾ?"

ಹುಡುಗಿ ಮೂಗೆಳೆದುಕೊಂಡು ಕಾಗದ ತೆಗೆದುಕೊಂಡಳು. ಬೆರಳಿಟ್ಟು ಸಾಲು ಹುಡುಕಿದಳು.

"ಮೂರು ಎ."

"ಮೂರು ಎ" ಎಂದು ಚಿಕ್ಕಮ್ಮ ಮೂರು ನೀಲಿ ಮಣಿ ಪೋಣಿಸಿದಳು.

ಕಾಗದದ ಮೇಲೆ ಒಂದು ಸಿ ಎಂದಿತ್ತು. ಹುಡುಗಿ ಅದನ್ನು ನೋಡಿದಳು, ಆಮೇಲೆ ಚಿಕ್ಕಮ್ಮನ ಮುಖ ನೋಡಿದಳು.

"ಒಂದು ಕೆಂಪು."

"ಒಂದು ಕೆಂಪು" ಎಂದು ಮರಳಿ ಹೇಳಿ ಚಿಕ್ಕಮ್ಮ ಸೂಜಿಯನ್ನು ಅವಳ ಕಡೆ ಚಾಚಿದಳು.

ಹುಡುಗಿ ಡಬ್ಬಿ ತೆರೆದು ಮಣಿಯನ್ನು ಸೂಜಿಗೆ ಏರಿಸಿ, ದಾರ ಎಳೆದಳು. ಸಡಿಲವಾಗಿಯೇ ಎಳೆದಳು. ಚಿಕ್ಕಮ್ಮನ ಬೆರಳು ಬಿಗಿ ಮಾಡಲು ತವಕಿಸಿತು. ಅವಳು ಆ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹುಡುಗಿ ಮಣಿಯ ಮೇಲೆ ಒಮ್ಮೆ ಹೆಬ್ಬೆರಳು ಆಡಿಸಿ ನೋಡಿ, ಸೂಜಿ ವಾಪಸ್ ಕೊಟ್ಟಳು.

"ಐದು ಎ" ಎಂದಳು. "ಬೇಗ ಹಾಕು, ನಂಗೆ ಹಸಿವಾಗ್ತಿದೆ."

"ಐದು ಎ" ಎಂದಳು ಚಿಕ್ಕಮ್ಮ.